ಹಬ್ಬದ ಮಾತ್ರೆ

ನನ್ನ ಮುಟ್ಟು ನಿಂತು ವರ್ಷ ತುಂಬಿದ ಮೇಲೆ ನಮ್ಮತ್ತೆ ದೇವರ ಮನೆಯ ಬೀಗದ ಕೈಯನ್ನು ನನ್ನ ಸೆರಗಿಗೆ ಕಟ್ಟಿದರು. ಅದಕ್ಕೆ ಶಾಸ್ತ್ರವೇನೂ ಇರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಕೈ ಹಿಟ್ಟಾಗಿದ್ದರಿಂದ ಅವರೇ ಸೆರಗಿನ ತುದಿ ಎಳೆದುಕೊಂಡು ಗಂಟು ಹಾಕಿ, "ಇನ್ಮೇಲೆ ಒಳಗಿನ ಕೆಲಸ ನಿಂದೇ ಕಣೆ ಲೀಲಾ. ನಂಗೆ ಮಂಡಿ ಬಗ್ಗಲ್ಲ," ಅಂದರು.

ನಮ್ಮದು ಅತ್ತಿಗುಪ್ಪೆಯ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆಗಿ, ಉಳಿದ ಸೈಟಿನಲ್ಲಿ ಮಾವ ಕಟ್ಟಿಸಿದ ಮನೆಯಲ್ಲಿದ್ದೇವೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನಮ್ಮ ಯಜಮಾನರಿಗೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ತಾರಸಿಗೆ ಹೋದರೆ ಮೆಟ್ರೋ ಕಣ್ಣೆದುರಿಗೇ ಹಾದುಹೋಗುತ್ತದೆ. ಆದರೂ ಕೆಲವು ವಿಷಯಗಳು ಹೊಲ ಇದ್ದ ಕಾಲದ ಹಾಗೇ ಉಳಿದಿವೆ. ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕು. ಮೊದಲು ಹೊರಗೆ ಅಂದರೆ ಕೊಟ್ಟಿಗೆ ಪಕ್ಕದ ಜಗುಲಿ. ಈಗ ಟಿವಿ ಇರುವ ಮುಂದಿನ ಕೋಣೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ನನಗೆ ಅದರಲ್ಲಿ ದೊಡ್ಡ ದುಃಖವೇನೂ ಇರಲಿಲ್ಲ. ಅಡುಗೆಯಿಂದ ಬಿಡುವು ಸಿಗುತ್ತಿತ್ತು. ಆದರೆ ಬೀಗದ ಕೈ ಸೆರಗಿಗೆ ಬಂದ ಮೇಲೆ, ಬೆಳಗಿನ ಹೊತ್ತು ಒಬ್ಬಳೇ ಒಳಗೆ ಹೋಗಿ ದೇವಿಯ ಬೆಳ್ಳಿ ಮುಖ ಒರೆಸಿ ದೀಪ ಹಚ್ಚುವಾಗ, ಮದುವೆಯಾಗಿ ಬಂದಾಗಿನಿಂದ ಆ ಹೊಸ್ತಿಲಲ್ಲಿ ದಿನ ಎಣಿಸುತ್ತಾ ನಿಂತಿದ್ದವಳು ಈಗ ಒಳಗೆ ಬಂದಿದ್ದೇನೆ ಅನಿಸುತ್ತಿತ್ತು. ಆ ಮನೆಯಲ್ಲಿ ಅದೊಂದೇ ಜಾಗ ನನ್ನದು ಅಂತ ಇದ್ದದ್ದು.

ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಒಂದು ಮಂಗಳವಾರ ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಗ ಒಳಬಟ್ಟೆ ಒದ್ದೆಯಾದ ಹಾಗಾಯಿತು. ಬಚ್ಚಲಿಗೆ ಹೋಗಿ ನೋಡಿದರೆ ಕೆಂಪು. ಹೆಚ್ಚೇನಿಲ್ಲ, ಕುಂಕುಮ ಕಲಸಿದ ನೀರಿನಷ್ಟು. ನನಗೆ ಭಯವಾಗಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಎಲ್ಲರೂ ಆಮೇಲೆ ಕೇಳಿದ್ದು ಇದನ್ನೇ. ಭಯವಾಗಲಿಲ್ಲ, ಬೇಜಾರಾಯಿತು. ಅತ್ತೆಗೆ ಹೇಳಿದೆ. ಅವರು ನನ್ನ ಸೆರಗಿನಿಂದ ಬೀಗದ ಕೈ ಬಿಚ್ಚಿಕೊಂಡರು.

"ಆಗುತ್ತೆ ಬಿಡು, ಕೆಲವರಿಗೆ ನಿಂತು ನಿಂತು ಬರುತ್ತೆ. ಮೂರು ದಿನ ಕೂತ್ಕೊ, ತಲೆಗೆ ನೀರು ಹಾಕ್ಕೊ."

ಕೂತೆ. ನಿಂತಿತು. ತಲೆಗೆ ನೀರು ಹಾಕಿಕೊಂಡೆ. ಬೀಗದ ಕೈ ವಾಪಸು ಬಂತು. ನಮ್ಮ ಮನೆಯಲ್ಲಿ ಆ ರಕ್ತಕ್ಕೆ ಒಂದು ಹೆಸರಿತ್ತು, ಶುರುವಿತ್ತು, ಕೊನೆಯಿತ್ತು. ಹಾಗಿದ್ದ ಮೇಲೆ ಅದರ ಬಗ್ಗೆ ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಮತ್ತೆ ಬಂದಾಗ ಮೇಲಿನ ಮನೆಯ ಶಾಂತಕ್ಕನಿಗೆ ಗೊತ್ತಾಯಿತು. ಅವರು ಗದಗಿನ ಕಡೆಯವರು, ಬಾಡಿಗೆಗೆ ಬಂದು ಹತ್ತು ವರ್ಷದ ಮೇಲಾಯಿತು. ಬಾಯಿ ಜೋರು, ಮನಸ್ಸು ಮೆತ್ತಗೆ. ನಾನು ಮುಂದಿನ ಕೋಣೆಯಲ್ಲಿ ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ರೀ ಅಕ್ಕಾರ, ಮತ್ತ ಹುಡುಗಿ ಆದ್ರೇನ್ರಿ? ಆರತಿ ಮಾಡೂಣೇನು? ಕುಬಸ ತರ್ಲೇನು?"

"ಸುಮ್ನಿರಿ ಶಾಂತಕ್ಕ, ಅತ್ತೆ ಕೇಳಿಸ್ಕೋತಾರೆ."

"ಕೇಳ್ಲಿ ಬಿಡ್ರಿ. ಐವತ್ತೈದಕ್ಕ ಹುಡುಗಿ ಆದ್ರ ನಿಮ್ಮ ಯಜಮಾನರಿಗೆ ಪೇಡೆ ಹಂಚಾಕ ಹೇಳ್ರಿ!"

ಇಬ್ಬರೂ ನಕ್ಕೆವು. ಒಳಗಿನಿಂದ ಅತ್ತೆಯೂ ನಕ್ಕಿದ್ದು ಕೇಳಿಸಿತು.

ಅದೇ ಹೊತ್ತಿಗೆ ನಮ್ಮ ಮಗಳು ಸುಷ್ಮಾ ಕೆಂಗೇರಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಳು. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವವಳು ನಾನೇ ಆಗಬೇಕೆಂದು ಹಟ ಹಿಡಿದಿದ್ದಳು. ಆ ವಾರ ಮತ್ತೆ ಚುಕ್ಕೆ ಕಾಣಿಸಿತು. ಈಗ ಮೂರು ದಿನಕ್ಕೆ ನಿಲ್ಲುತ್ತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ, ಶಾಂತಕ್ಕನಿಗೆ ಮಾತ್ರ ಹೇಳಿದೆ. ಅವರು ಮೇಲೆ ಹೋಗಿ ಪರ್ಸಿನಿಂದ ಅರ್ಧ ಖಾಲಿಯಾದ ಒಂದು ಸ್ಟ್ರಿಪ್ ತಂದು ಕೊಟ್ಟರು.

ನಮ್ಮ ಬೀದಿಯ ಹೆಂಗಸರೆಲ್ಲ ಅದನ್ನು ಹಬ್ಬದ ಮಾತ್ರೆ ಅನ್ನುತ್ತೇವೆ. ಗೌರಿಗೆ, ವರಮಹಾಲಕ್ಷ್ಮಿಗೆ, ಮದುವೆಗೆ, ತಿರುಪತಿಗೆ ಹೋಗುವಾಗ ಮುಟ್ಟನ್ನು ಮುಂದೆ ಹಾಕಲು ತೆಗೆದುಕೊಳ್ಳುವ ಮಾತ್ರೆ. ಅಕ್ಕತಂಗಿಯರ ನಡುವೆ ಸೇಫ್ಟಿ ಪಿನ್ನಿನ ಹಾಗೆ ಓಡಾಡುತ್ತದೆ. ಡಾಕ್ಟರ ಚೀಟಿ ತಂದವರನ್ನು ನಾನು ನೋಡಿಲ್ಲ. ಶಾಂತಕ್ಕ ಕೊಟ್ಟದ್ದು ಮುಗಿದ ಮೇಲೆ ನಾನೇ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವನು ನನ್ನ ನರೆತ ಬೈತಲೆ ನೋಡಿದ.

"ಮಗಳಿಗಾ ಆಂಟಿ?"

"ಹೂಂ," ಅಂದೆ.

ಮಾತ್ರೆ ಕೆಲಸ ಮಾಡಿತು. ರಕ್ತ ಪೂರ್ತಿ ನಿಂತಿತು. ಕೆಂಗೇರಿಯ ಆ ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿ ಪೂರ್ವಕ್ಕೆ ಚೆಲ್ಲಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಷ್ಮಾ ತೆಗೆದ ಫೋಟೋ ಈಗಲೂ ಫೋನಿನಲ್ಲಿದೆ. ಅದರಲ್ಲಿ ನಾನು ಎಷ್ಟು ಸಮಾಧಾನವಾಗಿ ನಗುತ್ತಿದ್ದೇನೆ ಅಂದರೆ, ಅದನ್ನು ಹೆಚ್ಚು ಹೊತ್ತು ನೋಡಲು ನನ್ನಿಂದ ಆಗುವುದಿಲ್ಲ.

ಮಾತ್ರೆ ಬಿಟ್ಟ ಮೇಲೆ ಬಂದ ರಕ್ತ ಮೊದಲಿಗಿಂತ ಜಾಸ್ತಿ. ಮುಂದಿನ ಹಬ್ಬಕ್ಕೆ ಮತ್ತೆ ಮಾತ್ರೆ, ಮತ್ತೆ ನಿಂತಿತು. ನವರಾತ್ರಿ ಹಾಗೇ ದಾಟಿತು. ಒಂಬತ್ತು ದಿನವೂ ದೀಪ ನಾನೇ ಹಚ್ಚಿದೆ.

ಅದಾದ ಮೇಲೆ ನಮ್ಮ ರಸ್ತೆಯ ಸಮುದಾಯ ಭವನದಲ್ಲಿ ಹೆಂಗಸರ ಆರೋಗ್ಯ ತಪಾಸಣೆ ಇಟ್ಟಿದ್ದರು. ಶಾಂತಕ್ಕ ಎಳೆದುಕೊಂಡು ಹೋದರು. ಬಿಪಿ, ಶುಗರ್ ನೋಡಿ, ಗರ್ಭಕೋಶದ ಬಾಯಿಯ ಪರೀಕ್ಷೆಗೆ ಹಸಿರು ಪರದೆ ಕಟ್ಟಿದ ಕಡೆ ಕಳಿಸಿದರು. ಒಳಗಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಕೈಗವಸು ಹಾಕಿಕೊಳ್ಳುತ್ತಾ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಮುಟ್ಟು ನಿಂತು ಎಷ್ಟಾಯ್ತಮ್ಮ?"

"ಮೂರು ವರ್ಷದ ಮೇಲಾಯ್ತು. ಈಗ ಮತ್ತೆ ಶುರುವಾಗಿದೆ."

ಅವರ ಕೈ ಅರ್ಧಕ್ಕೆ ನಿಂತಿತು. "ಏನು ಶುರುವಾಗಿದೆ?"

"ಮುಟ್ಟು."

"ವರ್ಷ ನಿಂತ ಮೇಲೆ ಬರೋದು ಮುಟ್ಟಲ್ಲಮ್ಮ. ಒಂದು ಹನಿ ಬಂದ್ರೂ ಅಲ್ಲ."

"ಮತ್ತೆ ಅದೇನು?"

"ಅದನ್ನ ನೋಡ್ಬೇಕು. ಏನೂ ಇಲ್ದೆ ಇರಬಹುದು. ಆದ್ರೆ ನೋಡ್ದೆ ಬಿಡೋ ಹಾಗಿಲ್ಲ."

ಪರದೆಯ ಹೊರಗೆ ಯಾರೋ ಶುಗರ್ ಎಷ್ಟು ಬಂತೆಂದು ಕೂಗಿ ಹೇಳುತ್ತಿದ್ದರು. ನಾನು ಮೇಜಿನ ಮೇಲೆ ಮಲಗಿ ಫ್ಯಾನಿನ ರೆಕ್ಕೆಯ ಧೂಳು ನೋಡುತ್ತಿದ್ದೆ. ಆ ಕೆಲವು ತಿಂಗಳು ಮುಟ್ಟು ಅಂತ ಕರೆದಿದ್ದಕ್ಕೆ ಈಗ ಹೆಸರೇ ಇಲ್ಲದಂತಾಗಿತ್ತು. ಭಯ ಶುರುವಾದದ್ದು ಅಲ್ಲಿ.

ರಾಜಾಜಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು ಕಾಯಬೇಕು. ಉದ್ದದ ಬೆಂಚಿನಲ್ಲಿ ಹೆಂಗಸರು ಬಾಟಲಿ ಹಿಡಿದು ಸಾಲಾಗಿ ಕೂತಿದ್ದರು. ಬಸುರಿಯರೇ ಹೆಚ್ಚು. ಅಲ್ಲಿನ ಹುಡುಗಿ ಆಗಾಗ ಬಾಗಿಲು ತೆಗೆದು, "ಒಂದಕ್ಕೆ ಅರ್ಜೆಂಟ್ ಬಂದಿರೋರು ಕೈ ಎತ್ತಿ," ಅನ್ನುತ್ತಿದ್ದಳು. ಬಂದವರೆಲ್ಲ ಒಟ್ಟಿಗೆ ಕೈ ಎತ್ತುತ್ತಿದ್ದರು. ನನ್ನ ಪಕ್ಕದ ಬಸುರಿ, "ನಿಮಗೆ ಏನು ಆಂಟಿ?" ಅಂದಳು. "ಸುಮ್ನೆ ಚೆಕಪ್," ಅಂದೆ. ಅವಳು ತನ್ನ ಬಾಟಲಿಯಿಂದ ನನಗೂ ನೀರು ಬಗ್ಗಿಸಿದಳು.

ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದು ಬಂತು. ಬಸವೇಶ್ವರನಗರದ ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನ ದಿನ ಯಜಮಾನರು ಅಂಗಡಿ ಮುಚ್ಚಿ ಬಂದರು. ಹೆಂಗಸರ ವಿಭಾಗದ ಬಾಗಿಲಲ್ಲಿ 'ಗಂಡಸರು ಹೊರಗೆ ಕಾಯಬೇಕು' ಅಂತ ಬೋರ್ಡಿತ್ತು. ಅವರು ಮೆಟ್ಟಿಲ ಮೇಲೆ ಕೂತರು. ಒಳಗೆ ಡಾಕ್ಟರು ರಿಪೋರ್ಟ್ ತೆರೆದು, ನನ್ನ ಮುಖ ನೋಡಿ, "ಯಜಮಾನ್ರು ಬಂದಿದಾರಾ? ಕರೀರಿ," ಅಂದರು. ಆಗಲೇ ಗೊತ್ತಾಯಿತು. ಕರೆದರೂ ಅವರು ಬಾಗಿಲಲ್ಲಿ ನಿಂತು ಕಾವಲಿನ ಹೆಂಗಸನ್ನು, "ಒಳಗೆ ಬರಬಹುದಾ ಮೇಡಂ?" ಅಂತ ಕೇಳುತ್ತಿದ್ದರು.

ಡಾಕ್ಟರು ಕ್ಯಾನ್ಸರ್ ಎಂಬ ಮಾತನ್ನು ಮೆಲ್ಲಗೆ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದರು. ಗರ್ಭಕೋಶ ತೆಗೆಯಬೇಕು. ಅಲ್ಲೇ ಇದೆಯೋ, ಗೋಡೆಯೊಳಗೆ ಇಳಿದಿದೆಯೋ, ಆಚೆ ಹೋಗಿದೆಯೋ ಎಂಬುದು ತೆಗೆದು ನೋಡಿದ ಮೇಲೆಯೇ ತಿಳಿಯುವುದು. ಯಜಮಾನರು, "ಎಷ್ಟು ದಿನ ರೆಸ್ಟ್ ಬೇಕಾಗುತ್ತೆ ಡಾಕ್ಟ್ರೇ?" ಅಂದರು. ಅದು ದಡ್ಡ ಪ್ರಶ್ನೆಯಲ್ಲ. ಅವರ ಕೈಗೆ ಸಿಕ್ಕ ಒಂದೇ ಪ್ರಶ್ನೆ ಅದು.

ನಾನು ಮಾತ್ರೆಯ ವಿಷಯ ಹೇಳಿದೆ. "ಅದರಿಂದ ಬಂತಾ?"

"ಇಲ್ಲಮ್ಮ. ಮಾತ್ರೆಯಿಂದ ಬಂದಿದ್ದಲ್ಲ. ಆದ್ರೆ ರಕ್ತ ನಿಲ್ಲಿಸ್ತು. ರಕ್ತ ಬರ್ತಾನೇ ಇದ್ದಿದ್ರೆ ನೀವು ಮುಂಚೆನೇ ಬರ್ತಿದ್ರೇನೋ."

ಆ 'ಏನೋ' ಮನೆಯವರೆಗೂ ನನ್ನ ಜೊತೆ ಬಂತು. ಮಾತ್ರೆ ತಿಂದು ಸುಮ್ಮನಿರಿಸಿದ ಆ ತಿಂಗಳುಗಳಲ್ಲಿ ಒಳಗೆ ಅದು ಎಲ್ಲಿಯವರೆಗೆ ಹೋಗಿರಬಹುದು? ಆಪರೇಷನ್ನಿನವರೆಗೆ ನನಗೆ ಬೇರೆ ಯೋಚನೆ ಇರಲಿಲ್ಲ. ಅನ್ನ ಬಸಿಯುವಾಗ, ಬಟ್ಟೆ ಮಡಿಸುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಡುತ್ತಿದ್ದೆ, ಹೊರಗಿನಿಂದ ಗೊತ್ತಾಗುತ್ತದೆ ಅನ್ನುವ ಹಾಗೆ.

ಅತ್ತೆಗೆ ಹೇಳಿದವಳು ಸುಷ್ಮಾ. ಅವರು ಅಳಲಿಲ್ಲ. ನನ್ನ ಹತ್ತಿರ ಬಂದು ಕೂತು, "ಮೂರು ದಿನಕ್ಕೆ ನಿಂತಿತ್ತಲ್ಲ?" ಅಂದರು.

"ಮೊದಲನೇ ಸಲ ನಿಂತಿತ್ತು ಅತ್ತೆ."

"ತಲೆಗೆ ನೀರು ಹಾಕ್ಕೊಂಡ ಮೇಲೆ ನಿಂತಿತ್ತಲ್ಲ ಕಣೆ?"

"ನಿಂತಿತ್ತು."

ಸಂಜೆ ಮತ್ತೆ ಕೇಳಿದರು. ಮರುದಿನವೂ ಕೇಳಿದರು. ಅವರಿಗೆ ಎಂಬತ್ತರ ಹತ್ತಿರ. ಐದು ಹೆತ್ತಿದ್ದೂ ಮನೆಯಲ್ಲೇ, ಹೆಂಗಸರ ಡಾಕ್ಟರ ಮುಂದೆ ಒಂದು ಸಲವೂ ಕೂತವರಲ್ಲ. ತಾವು ಕೊಟ್ಟ ಉತ್ತರವೇ ಎಲ್ಲೋ ಮುರಿದಿದೆ ಎಂದು ಗೊತ್ತಾಗಿ, ಎಲ್ಲಿ ಎಂದು ತಡವುತ್ತಿದ್ದರು.

ಶಾಂತಕ್ಕ ಎರಡು ವಾರ ನಮ್ಮ ಮನೆಯೊಳಗೆ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಕೊನೆಗೆ ನಾನೇ ಮೇಲೆ ಹತ್ತಿ ಹೋದೆ. ಬಾಗಿಲು ತೆಗೆದವರೇ ಸೆರಗು ಬಾಯಿಗೆ ಒತ್ತಿಕೊಂಡರು.

"ನಾ ಕೊಟ್ಟ ಗುಳಿಗಿಯಿಂದ ಆತೇನ್ರಿ?"

"ಅಲ್ಲವಂತೆ ಶಾಂತಕ್ಕ. ಡಾಕ್ಟ್ರನ್ನ ಕೇಳಿದೆ."

"ಯಾವಾಗ ಕೇಳಿದ್ರಿ?"

"ರಿಪೋರ್ಟ್ ಬಂದ ದಿನವೇ."

"ಅವತ್ತೇ ಕೇಳೀರಿ, ಮತ್ತ ನನಗ ಹೇಳಾಕ ಏನಾಗಿತ್ತು?" ಅಳು ಹೋಗಿ ಸಿಟ್ಟು ಬಂದಿತ್ತು. "ಎರಡು ವಾರ ಕಣ್ಣು ಮುಚ್ಚಿಲ್ರಿ ನಾನು! ದೇವರ ಮುಂದ ಮೂಗು ತಿಕ್ಕಿ ತಿಕ್ಕಿ ಚರ್ಮ ಹ್ವಾತು!" ಅಂದು ನನ್ನನ್ನು ಬೈಯುತ್ತಲೇ ಚಹಾ ಇಟ್ಟರು. ಆ ದಿನಗಳಲ್ಲಿ ನನ್ನನ್ನು ಬೈದವರು ಅವರೊಬ್ಬರೇ. ಉಳಿದವರೆಲ್ಲ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಬೈಸಿಕೊಂಡು ಹಗುರಾಯಿತು.

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ನಾನು ಬೀಗದ ಕೈ ಬಿಚ್ಚಿ ಅತ್ತೆಯ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ನೀನೇ ಇಟ್ಕೊ. ಬಂದು ನೀನೇ ತೆಗಿ."

"ದೀಪ ಯಾರು ಹಚ್ತಾರೆ?"

"ಅವಳಿಗೆ ಬೇಕಿದ್ರೆ ನಿನ್ನನ್ನ ಕಳಿಸ್ತಾಳೆ," ಅಂದು ಒಳಗೆ ಹೋದರು. ದೇವಿಯ ಬಗ್ಗೆ ಅವರು ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಥಿಯೇಟರಿಗೆ ಹೋಗುವ ಮುಂಚೆ ತಾಳಿ, ಬಳೆ ಎಲ್ಲ ತೆಗೆಸಿ ಒಂದು ಚೀಲಕ್ಕೆ ಹಾಕುತ್ತಾರೆ. ನರ್ಸ್ ಬೀಗದ ಕೈ ನೋಡಿ, "ಇದೇನಮ್ಮ, ಬೀರುದಾ?" ಅಂದಳು. ಹೌದೆಂದೆ. ವಿವರಿಸುವಷ್ಟು ಉಸಿರಿರಲಿಲ್ಲ. ಅವಳು ಅದನ್ನೂ ತಾಳಿಯ ಜೊತೆಗೇ ಹಾಕಿದಳು. ವಾರ್ಡಿನಲ್ಲಿದ್ದಾಗ ಸುಷ್ಮಾ ಹೇಳಿದಳು: "ಅಜ್ಜಿ ಮುಚ್ಚಿದ ಬಾಗಿಲಿಗೇ ಹೂ ಸಿಕ್ಕಿಸ್ತಿದಾರಮ್ಮ."

ಮನೆಗೆ ಬಂದ ಮೇಲೂ ಬಾಗಿಲು ತೆರೆಯಲಿಲ್ಲ. ಆಪರೇಷನ್ನಿನ ನಂತರ ಸ್ವಲ್ಪ ಸ್ವಲ್ಪ ಸ್ರಾವ ಇರುತ್ತದೆಂದು ಹೇಳಿದ್ದರು. ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಯೋಚಿಸಿ, "ಹಾಗಾದ್ರೆ ನಿಲ್ಲಲಿ ಬಿಡು, ಆಮೇಲೆ ತೆಗಿ," ಅಂದರು. ಬೀಗದ ಕೈ ನನ್ನಲ್ಲೇ ಇತ್ತು, ಬಾಗಿಲು ಮುಚ್ಚಿಯೇ ಇತ್ತು. ನಾವಿಬ್ಬರೂ ಅದರ ಎದುರಿನ ಹಜಾರದಲ್ಲಿ ಕೂತು ರಿಪೋರ್ಟಿಗೆ ಕಾಯುತ್ತಿದ್ದೆವು. ಫೋನು ಬಡಿದುಕೊಂಡರೆ ಅತ್ತೆ ಹೂವು ಕಟ್ಟುವುದನ್ನು ನಿಲ್ಲಿಸುತ್ತಿದ್ದರು.

ರಿಪೋರ್ಟ್ ಬಂತು. ಕ್ಯಾನ್ಸರ್ ಸುತ್ತಲಿನ ಗ್ರಂಥಿಗಳಿಗೆ ಹೋಗಿರಲಿಲ್ಲ, ಆದರೆ ಗರ್ಭಕೋಶದ ಗೋಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಕರೆಂಟ್ ಕೊಡಿಸಬೇಕೆಂದರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೆ ಅನ್ನುತ್ತಾರೆ. ನಾನು ಕೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದನ್ನು ಕೇಳಿದೆ.

"ಗೃಹಪ್ರವೇಶಕ್ಕೆ ಮುಂಚೆ ಬಂದಿದ್ರೆ ಇಷ್ಟು ಇಳೀತಿರ್ಲಿಲ್ವಾ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲಮ್ಮ. ಯಾರೂ ಹೇಳಕ್ಕಾಗಲ್ಲ. ಈಗ ಬಂದಿದೀರಿ, ಅಷ್ಟು ಹೇಳಬಹುದು."

ಇವತ್ತಿಗೂ ನನಗೆ ಸಿಕ್ಕಿರುವ ಉತ್ತರ ಅಷ್ಟೇ. ಇದನ್ನು ಓದುತ್ತಿರುವ ಯಾರಾದರೂ ಅದೇ ಪ್ರಶ್ನೆ ಹಿಡಿದು ಕೂತಿದ್ದರೆ, ಅದಕ್ಕೆ ಉತ್ತರವಿಲ್ಲದೆಯೂ ಊಟ ಮಾಡಬಹುದು, ಮಲಗಬಹುದು, ಕೆಲವು ದಿನ ನಗಲೂಬಹುದು ಎಂದು ಮಾತ್ರ ಹೇಳಬಲ್ಲೆ.

ಐದು ವಾರ ಕರೆಂಟ್ ಕೊಟ್ಟರು. ಅಲ್ಲಿಯೂ ನೀರು ಕುಡಿದು ಕಾಯಬೇಕು. ಅಲ್ಲಿಯೂ ಬಾಟಲಿ ಹಿಡಿದ ಹೆಂಗಸರ ಸಾಲು, ಆದರೆ ಬಸುರಿಯರಿರಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಒಬ್ಬರು ದಿನಾ ನನಗೆ ಜಾಗ ಹಿಡಿದಿರುತ್ತಿದ್ದರು. "ನಮ್ಮನೇಲಿ ಕರೆಂಟ್ ಹೋದ್ರೂ ಇಲ್ಲಿ ಹೋಗಲ್ಲ ನೋಡಿ," ಅನ್ನುತ್ತಿದ್ದರು ಪ್ರತಿ ಸಲವೂ. ಪ್ರತಿ ಸಲವೂ ನಾನು ನಗುತ್ತಿದ್ದೆ. ಕೊನೆಯ ವಾರ ಅವರು ಬರಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಅವರ ಜಾಗದಲ್ಲಿ ನನ್ನ ಬ್ಯಾಗ್ ಇಟ್ಟುಕೊಂಡು ಕೂತೆ.

ಸ್ರಾವ ನಿಂತಿತ್ತು. ಬೀಗ ತೆಗೆದೆ. ಒಳಗೆ ಹಳೇ ಎಣ್ಣೆಯ ವಾಸನೆ, ದೇವಿಯ ಮುಖದ ಮೇಲೆ ಕಪ್ಪು. ಅತ್ತೆ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನಾನು ಉಜ್ಜುವುದನ್ನೇ ನೋಡಿದರು.

ಕೆಲವು ತಿಂಗಳು ಕಳೆದವು. ಒಂದು ಶುಕ್ರವಾರ ಬೆಳಿಗ್ಗೆ ಬಚ್ಚಲಲ್ಲಿ ಮತ್ತೆ ಕೆಂಪು ಚುಕ್ಕೆ ಕಂಡೆ.

ಗರ್ಭಕೋಶವೇ ಇಲ್ಲ. ಎಲ್ಲಿಂದ ಬಂತು? ನಿಜ ಹೇಳುತ್ತೇನೆ, ಆ ಕ್ಷಣದಲ್ಲೂ ಮೊದಲು ನೆನಪಾದದ್ದು ಅವತ್ತು ಶುಕ್ರವಾರ ಎಂಬುದು. ಎರಡನೆಯದು ಮಾತ್ರೆ. ಸೆರಗಿನ ಗಂಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು.

"ಅತ್ತೆ, ಕಾಣಿಸಿದೆ."

ಅವರ ಕಣ್ಣು ನನ್ನ ಸೆರಗಿನ ಗಂಟಿಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬತ್ತಿ ಕೆಳಗಿಟ್ಟು, "ಡಾಕ್ಟ್ರಿಗೆ ಫೋನ್ ಮಾಡು," ಅಂದರು. "ನಾನೂ ಬರ್ತೀನಿ. ನನ್ನ ಹಸಿರು ಸೀರೆ ಎಲ್ಲಿಟ್ಟಿದೀಯ?"

ಮಧ್ಯಾಹ್ನ ಬರಲು ಹೇಳಿದರು. ಆಟೋ ಹಿಡಿದು ಇಬ್ಬರೂ ಆಸ್ಪತ್ರೆಗೆ ಹೋದೆವು. ಅಲ್ಲಿ ನನ್ನನ್ನು ಪರದೆಯ ಹಿಂದೆ ಮಲಗಿಸಿದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಹೊರಗಿನ ಬೆಂಚಿನ ಮಾತು ಕೇಳಿಸುತ್ತಿತ್ತು. ಅತ್ತೆಯ ಪಕ್ಕ ಯಾರೋ ಕೂತಿದ್ದರು.

"ನಂಗೇನಿಲ್ಲ ಅಜ್ಜಿ, ತಂಗಿ ಜೊತೆ ಬಂದೆ. ನಂಗೆ ನಿಂತೇ ನಾಕು ವರ್ಷ ಆಯ್ತು. ಆವಾಗಾವಾಗ ಒಂಚೂರು ಆಗುತ್ತೆ, ಮೂರು ದಿನಕ್ಕೆ ಹೋಗುತ್ತೆ."

"ಅದು ಮುಟ್ಟಲ್ಲ ಕಣಮ್ಮ." ಅತ್ತೆಯ ಸ್ವರ, ಹಬ್ಬದ ಅಡುಗೆಗೆ ಉಪ್ಪು ಎಷ್ಟೆಂದು ಹೇಳುವಾಗಿನ ಅದೇ ಸ್ವರ. "ನಿಂತ ಮೇಲೆ ಬಂದ್ರೆ ಕೂರಬಾರದು. ನಮ್ಮಲ್ಲಿ ಕೂರಿಸಲ್ಲ. ಇಲ್ಲೇ ಬಂದಿದೀಯಲ್ಲ, ಚೀಟಿ ಮಾಡಿಸು, ಹೋಗು."

"ಅಯ್ಯೋ, ಇವತ್ತು ತಂಗಿದು ಅಜ್ಜಿ..."

"ನಿಂದೂ ಮಾಡಿಸು. ನಿನ್ನ ಬ್ಯಾಗ್ ನಾನು ನೋಡ್ಕೋತೀನಿ, ಎದ್ದೇಳು."

ಆ ಹೆಂಗಸು ಎದ್ದು ಹೋದ ಚಪ್ಪಲಿ ಸದ್ದು ಕೇಳಿಸಿತು. ನಾನು ಮಲಗಿದ್ದಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ.

ಡಾಕ್ಟರು ಬಂದು ನೋಡಿದರು. ಬಹಳ ಹೊತ್ತು ನೋಡಿದ ಹಾಗನಿಸಿತು. ಕೈ ತೊಳೆಯುವ ನಲ್ಲಿಯ ಸದ್ದು ನಿಂತ ಮೇಲೆ, ಕರೆಂಟಿನಿಂದ ಆದ ಗಾಯ, ಒಳಗಿನ ಚರ್ಮ ತೆಳುವಾಗಿದೆ, ಬೇರೇನೂ ಕಾಣುತ್ತಿಲ್ಲ ಅಂದರು. ಮೂರು ತಿಂಗಳಿಗೆ ಮತ್ತೆ ಬರಬೇಕು. ಅದಕ್ಕೆ ಮುಂಚೆ ಒಂದು ಚುಕ್ಕೆ ಕಂಡರೂ ಬರಬೇಕು. ಮುಗಿಯಿತು ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಅತ್ತೆ ಮಡಿಲಲ್ಲಿ ಅಪರಿಚಿತ ಬ್ಯಾಗ್ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು.

"ಏನಂದ್ರು?"

"ಕರೆಂಟಿನ ಗಾಯವಂತೆ. ಮೂರು ತಿಂಗಳಿಗೆ ಮತ್ತೆ ಬರ್ಬೇಕಂತೆ."

"ಬರೋಣ," ಅಂದರು. ಆ ಹೆಂಗಸು ಚೀಟಿ ಹಿಡಿದು ಬರುವವರೆಗೆ ನಾವು ಅಲ್ಲಿಂದ ಏಳಲಿಲ್ಲ. ಅವಳ ಬ್ಯಾಗ್ ಕೊಟ್ಟು, ನನ್ನ ತೋಳು ಹಿಡಿದು ಮೆಟ್ಟಿಲಿಳಿಯುತ್ತಾ ಅತ್ತೆ ಆಕಾಶ ನೋಡಿದರು. ಬಿಸಿಲು ಇಳಿದಿತ್ತು.

"ಬೇಗ ಆಟೋ ಹಿಡಿ. ದೀಪ ಹಚ್ಚೋ ಹೊತ್ತಾಯ್ತು."

ನಾನು ನಿಂತೆ. "ಅತ್ತೆ, ಇನ್ನೂ ಕಾಣ್ತಾ ಇದೆ."

"ಗೊತ್ತು ಕಣೆ. ಬೀಗದ ಕೈ ನಿನ್ನತ್ರಾನೇ ಇದೆಯಲ್ಲ?"